ಪವಾಡ ಮರೆಸಿದ ಪುಟಗಳು: ಕೊಲ್ಹಾರದಿಂದ ಮುದಗಲ್ಲಿಗೆ

ಕೊಲ್ಹಾರಕ್ಕೆ ಸಂತರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಬರುವವರು ಮೊಸರಿಗೆ ಬರುತ್ತಾರೆ. ವಿಜಯಪುರದಿಂದ ಹುಬ್ಬಳ್ಳಿ ಕಡೆ ಹೊರಟ ಬಸ್ಸು ಇಲ್ಲಿ ನಿಂತದ್ದೇ ತಡ, ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಕಿಟಕಿಗಳಿಗೆ ಮುತ್ತಿಕೊಳ್ಳುತ್ತಾರೆ. ಬುಟ್ಟಿಯಲ್ಲಿ ಸಣ್ಣ ಸಣ್ಣ ಮಣ್ಣಿನ ಗಡಿಗೆಗಳು, ಒಳಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಮೊಸರು. ಉತ್ತರ ಕರ್ನಾಟಕದಲ್ಲಿ ರೊಟ್ಟಿ ತಿನ್ನುವ ಯಾರನ್ನು ಕೇಳಿದರೂ ಕೊಲ್ಹಾರ ಎಂದರೆ ಮೊದಲು ಇದನ್ನೇ ಹೇಳುತ್ತಾರೆ. ಆಮೇಲೆ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆಯನ್ನು. ಮುಳುಗಿದ ಊರಿನ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ವಯಸ್ಸಾದವರು ಎದುರಿಗೆ ಸಿಕ್ಕರೆ.

ಸೇತುವೆಯ ಮೇಲೆ ನಿಂತರೆ ಕಾಣುವುದು ಹರಿಯುವ ಹೊಳೆಯಲ್ಲ, ನಿಂತ ನೀರು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ದು 1964ರಲ್ಲಿ. ಅಣೆಕಟ್ಟು ಎದ್ದು ನೀರು ತುಂಬುತ್ತ ಬಂದಂತೆ ಹಳೆಯ ಬಾಗಲಕೋಟೆಯ ಭಾಗಗಳ ಜೊತೆ ಹಳೆಯ ಕೊಲ್ಹಾರವೂ ಹಿನ್ನೀರಿನ ಪಾಲಾಯಿತು. ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ, ಅಂದರೆ ಇನ್ನಷ್ಟು ಊರುಗಳು ಎದ್ದು ಹೋಗಬೇಕು. ದಡದ ಮೇಲೆ ಹೊಸ ಕೊಲ್ಹಾರ ಕಟ್ಟಿಕೊಂಡವರು ತಮ್ಮ ಗುಡಿ, ಮಸೀದಿಗಳನ್ನೂ ಕಟ್ಟಿಕೊಂಡರು. ಮನೆ ಕಳೆದುಕೊಂಡವರಿಗೆ ಪರಿಹಾರದ ಲೆಕ್ಕ ಇರುತ್ತದೆ. ನಾಲ್ಕು ತಲೆಮಾರು ದೀಪ ಹಚ್ಚಿದ ಗೂಡಿಗೆ ಯಾವ ಕಚೇರಿಯಲ್ಲೂ ದರಪಟ್ಟಿ ಇಲ್ಲ.

ಮೊಸರಿನ ಗಡಿಗೆ ಕೊಡುತ್ತ ಒಬ್ಬಾಕೆ ಕೇಳಿದಳು: "ಎಲ್ಲಿಗಿ ಹೊಂಟೀರಿ ಯಣ್ಣಾ?"

"ಮುದಗಲ್ಲಿಗಿ ಹೊಂಟೇನವ್ವಾ. ಅಲ್ಲಿ ಹಳೇ ಚರ್ಚ್ ಐತಿ, ನೋಡಬೇಕು."

"ಆ ದೇವರು ಏನ್ ಕೊಡ್ತಾನಂತ?"

ಕುಹಕದ ಪ್ರಶ್ನೆಯಲ್ಲ ಅದು. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರನ್ನೂ ಆಕೆ ಇದನ್ನೇ ಕೇಳುತ್ತಿದ್ದಳು. ಸಂತಾನ ಕೊಡುವ ದೇವರು, ಮಳೆ ಕೊಡುವ ದೇವರು, ಹುಚ್ಚು ಬಿಡಿಸುವ ದೇವರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನಾನು ಬೆಳೆದ ಕಥೋಲಿಕ ಮನೆಯಲ್ಲೂ ಇದೇ ರೂಢಿ. ಮನೆತುಂಬ ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ ಎಂದು ಸಂತರ ಹೆಸರು ಹೊತ್ತವರು. ಕೀಲಿಕೈ ಕಳೆದರೆ ಅವ್ವ ಸಂತ ಅಂತೋಣಿಗೆ ಹೇಳಿಕೊಳ್ಳುತ್ತಿದ್ದಳು, ಬೇನೆ ಬಂದರೆ ಸಂತ ಸೆಬಾಸ್ಟಿಯನ್ನನಿಗೆ, ಎಲ್ಲ ದಾರಿಯೂ ಮುಚ್ಚಿದರೆ ಸಂತ ಯೂದನಿಗೆ. ತಾಲೂಕು ಕಚೇರಿಯಲ್ಲಿ ಯಾವ ಅರ್ಜಿ ಯಾವ ಟೇಬಲ್ಲಿಗೆ ಎಂದು ತಿಳಿದಿರುವಂತೆ ಆಕೆಗೆ ಇದೆಲ್ಲ ಬಾಯಿಪಾಠ. ಅವ್ವನ ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ ಸಂತರು ಬದುಕಿದ್ದಾಗ ಏನು ಮಾಡಿದರು, ಯಾರ ಜೊತೆ ಜಗಳವಾಡಿದರು, ಊಟಕ್ಕೆ ಏನು ಮಾಡಿಕೊಂಡಿದ್ದರು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಪವಾಡ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಬಸವನ ಬಾಗೇವಾಡಿಯಲ್ಲಿ ಪರಿಚಯದ ಮಾಸ್ತರರೊಬ್ಬರು ಜೊತೆಯಾದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಲಿಂಗವಂತರು, ವಚನ ಓದಿಕೊಂಡವರು. ವಾದ ಅವರಿಗೆ ಊಟದಷ್ಟೇ ಇಷ್ಟ. ಎಳ್ಳ ಅಮಾವಾಸ್ಯೆ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಎರೆಹೊಲದಲ್ಲಿ ಬಿಳಿಜೋಳ ತೆನೆ ಕಟ್ಟಿತ್ತು, ಬದುವಿನಲ್ಲಿ ಕುಸುಬೆ ಹೂಬಿಟ್ಟಿತ್ತು. ದಾರಿಯಲ್ಲೇ ಅವರ ಹೊಲ. ಸೀತನಿ ತಿಂದೇ ಹೋಗಬೇಕೆಂದು ಹಟ ಹಿಡಿದರು. ಹಸಿ ತೆನೆ ಸುಟ್ಟು, ಬಡಿದು ಉದುರಿಸಿದ ಬಿಸಿ ಕಾಳನ್ನು ಬೊಗಸೆಗೆ ಸುರಿಯುತ್ತ ಅವರು ಕೇಳಿದ್ದು: "ತಮ್ಮಾ, ನಿಮ್ಮ ಸಂತರೊಳಗ ಒಕ್ಕಲುತನ ಮಾಡಿದಾಂವ ಒಬ್ಬನರ ಅದಾನೇನು? ಎಲ್ಲಾರೂ ಪಾದ್ರಿಗೋಳು, ರಾಣೇರು, ಇಲ್ಲಾಂದ್ರ ಹುತಾತ್ಮರು."

ಇದ್ದಾನೆ. ಹನ್ನೆರಡನೆಯ ಶತಮಾನದ ಸ್ಪೇನಿನವನು, ಹೆಚ್ಚುಕಡಿಮೆ ಬಸವಣ್ಣನವರ ಕಾಲದವನು. ಮ್ಯಾಡ್ರಿಡ್ ಬಳಿ ಯಜಮಾನನೊಬ್ಬನ ಹೊಲದಲ್ಲಿ ಕೂಲಿಗಿದ್ದ ಇಸಿದೋರ. ಅವನ ಕಥೆಯನ್ನು ಮಾಸ್ತರರಿಗೆ ಹೇಳಿದೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿಕೊಂಡು ಹೊಲಕ್ಕೆ ಬರುತ್ತಿದ್ದ. ತಡ ಮಾಡುತ್ತಾನೆಂದು ಜೊತೆಗಾರರು ಚಾಡಿ ಹೇಳಿದರು. ಯಜಮಾನ ಬಂದು ಮರೆಯಲ್ಲಿ ನಿಂತು ನೋಡಿದರೆ, ಇಸಿದೋರನ ಪಾಲಿನ ನೇಗಿಲನ್ನು ದೇವದೂತರು ಹೊಡೆಯುತ್ತಿದ್ದರಂತೆ.

ಮಾಸ್ತರರು ಕಾಳು ಅಗಿಯುವುದನ್ನು ನಿಲ್ಲಿಸಿದರು. "ಹೊಲ ದೇವದೂತರು ಹೊಡದ್ರ ಅದು ಕಾಯಕ ಹ್ಯಾಂಗಾತು? ಆ ದಿವಸದ ಕೂಲಿ ಯಾರು ತಗೊಂಡ್ರು?"

ಬಾಗೇವಾಡಿಯ ಮಣ್ಣಿನಲ್ಲಿ ಕೂತು ಕೇಳಬೇಕಾದ ಪ್ರಶ್ನೆಯೇ ಅದು. ಕೆಲಸವನ್ನು ಪೂಜೆಯ ಹೆಸರಿನಲ್ಲಿ ಬೇರೆಯವರ ಹೆಗಲಿಗೆ ದಾಟಿಸುವ ಭಕ್ತಿಯನ್ನು ಶರಣರು ಒಪ್ಪಿದವರಲ್ಲ. ನನಗೂ ಆ ಕಥೆ ರುಚಿಸುವುದಿಲ್ಲ. ಹೊಲ ಸ್ವಂತದ್ದಿರುವವನಿಗೆ ಚೆಂದ ಕಾಣುವ ಕಥೆ ಅದು, ಕೂಲಿಯವನಿಗಲ್ಲ. ಆದರೆ ಇಸಿದೋರನ ಬದುಕಿನಲ್ಲಿ ಬೇರೆ ಪುಟಗಳಿವೆ. ಸಾಯುವತನಕ ಆತ ಕೂಲಿಯವನಾಗಿಯೇ ಉಳಿದ. ಸಂಸಾರಿ. ಹೆಂಡತಿ ಮರಿಯಾಳನ್ನೂ ಜನ ಸಂತಳೆಂದೇ ನೆನೆಯುತ್ತಾರೆ. ಬೀಸಲು ಒಯ್ಯುತ್ತಿದ್ದ ಕಾಳನ್ನು ಹಿಮದಲ್ಲಿ ಹಸಿದ ಪಾರಿವಾಳಗಳಿಗೆ ಸುರಿದ, ತನ್ನ ಪಾಲಿನ ಊಟವನ್ನು ತನಗಿಂತ ಬಡವರ ಜೊತೆ ಹಂಚಿಕೊಂಡ ಎಂಬ ಮಾತುಗಳಿವೆ. ಇದನ್ನು ಹೇಳಿದಾಗ ಮಾಸ್ತರರ ಮುಖ ಅರಳಿತು. ಎಳ್ಳ ಅಮಾವಾಸ್ಯೆಯ ದಿನ ಇದೇ ಹೊಲದಲ್ಲಿ ಅವರು ಚರಗ ಚೆಲ್ಲಿದ್ದರು. ಮಾಡಿದ ಅಡಿಗೆಯನ್ನು ತಾನು ಉಣ್ಣುವ ಮೊದಲು ಭೂಮಿಗೆ ಬೀರುವ ರೈತನಿಗೆ ಇಸಿದೋರನ ಪಾರಿವಾಳಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಕೂಲಿಕಾರನನ್ನು ರೋಮ್ ಸಂತನೆಂದು ಘೋಷಿಸಿದ್ದು 1622ರ ಮಾರ್ಚ್ 12ರಂದು. ಅದೇ ದಿನ, ಅದೇ ವೇದಿಕೆಯಲ್ಲಿ ಇನ್ನೂ ನಾಲ್ವರು: ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ, ಪೂರ್ವದೇಶಗಳಿಗೆಲ್ಲ ಅಲೆದ ಫ್ರಾನ್ಸಿಸ್ ಜೇವಿಯರ್, ಅನುಭಾವಿ ಬರಹಗಾರ್ತಿ ಆವಿಲಾದ ತೆರೇಸಾ, ರೋಮಿನವರ ಮೆಚ್ಚಿನ ಫಿಲಿಪ್ ನೇರಿ. ಪೋಪ್ ನಾಲ್ವರು ಸ್ಪೇನಿನವರನ್ನೂ ಒಬ್ಬ ಸಂತನನ್ನೂ ಪೀಠಕ್ಕೇರಿಸಿದರು ಎಂದು ರೋಮಿನ ಜನ ನಗೆಯಾಡಿದರಂತೆ. ಆಗ ನಮ್ಮ ವಿಜಯಪುರವನ್ನು ಆಳುತ್ತಿದ್ದವನು ಜಗದ್ಗುರು ಎಂದು ಕರೆಸಿಕೊಂಡ ಎರಡನೆಯ ಇಬ್ರಾಹಿಂ ಆದಿಲ್ ಶಾಹ. ಆ ಐವರಲ್ಲಿ ಪುಸ್ತಕ ಬರೆಯದ, ಸಂಸ್ಥೆ ಕಟ್ಟದ, ಹೆಸರಿಗೊಂದು ಪದವಿಯೂ ಇಲ್ಲದವನು ಇಸಿದೋರ ಒಬ್ಬನೇ. ಇಂದಿನ ವಿಶ್ವಾಸಿಗೆ ಅವರಲ್ಲಿ ಅತಿ ಹತ್ತಿರದವನು ಅವನೇ ಎಂಬುದು ನನ್ನ ಲೆಕ್ಕ. ಮೂಲ ನಂದೀಶ್ವರನ ಗುಡಿಗೆ ಹೋಗಿ ಬರುವಾಗ ಮಾಸ್ತರರು, "ಈ ಇಸಿದೋರಪ್ಪನ್ನ ನಮಗ ಕೊಡ್ರಿ, ಇಟ್ಕೊಂತೀವಿ" ಎಂದರು.

ನಿಡಗುಂದಿಯ ದಾರಿಯಲ್ಲಿ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಬಹಳ ಹೊತ್ತು ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಗುಳೆ ಹೋಗುವ ಎರಡು ಕುಟುಂಬಗಳಿದ್ದವು. ಗೋವೆಯ ಕಟ್ಟಡದ ಕೆಲಸಕ್ಕೆ. ಹಾಸಿಗೆ ಸುರುಳಿ, ರೊಟ್ಟಿ ಗಂಟು, ಮಡಿಲಲ್ಲಿ ನಿದ್ದೆ ಹೋದ ಮಗು. ಅವರು ಹೊರಟ ಗೋವೆಯಿಂದ ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಕೂಲಿಯಾಳಿನ ವೇಷದಲ್ಲಿ ಹೊರಬಿದ್ದ ಒಬ್ಬ ಪಾದ್ರಿ ನೆನಪಾದ.

ಜೋಸೆಫ್ ವಾಜ್ ಹುಟ್ಟಿದ್ದು 1651ರಲ್ಲಿ, ಗೋವೆಯ ಬೆನಾವ್ಲಿಯಲ್ಲಿ. ಕೊಂಕಣಿ ಮಾತಾಡುವ ಮನೆತನ. 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ, ಅಂದರೆ ನಮ್ಮ ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಸುತ್ತ ಕೆಲಸ ಮಾಡಿದರು. ಆ ಹೊತ್ತಿಗೆ ಅಲ್ಲಿನ ಕ್ರೈಸ್ತರು ಪೋರ್ಚುಗೀಸರು ನೇಮಿಸಿದ ಅಧಿಕಾರಿಯ ಮಾತು ಕೇಳಬೇಕೋ ರೋಮ್ ಕಳಿಸಿದ ಬಿಷಪರ ಮಾತು ಕೇಳಬೇಕೋ ಎಂಬ ಜಗಳದಲ್ಲಿ ಒಡೆದುಹೋಗಿದ್ದರು. ವಾಜ್ ಇಬ್ಬರ ನಡುವೆ ಓಡಾಡಿ ಸಂಧಾನ ಮಾಡಿದರು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಗೆ ನೀರಿನ ಒರತೆ ಚಿಮ್ಮಿತೆಂಬ ಕಥೆ ಇದೆ. ಇಂದಿಗೂ ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಒರತೆಯ ಕಥೆ ಕರಾವಳಿಯ ಮಕ್ಕಳಿಗೂ ಗೊತ್ತು, ಸಂಧಾನದ ಕಥೆ ದೊಡ್ಡವರಿಗೂ ಅಷ್ಟಾಗಿ ಗೊತ್ತಿಲ್ಲ. ಒಂದೇ ಪಂಗಡದೊಳಗೆ ಎರಡು ಗುಂಪಾಗಿ ಕೋರ್ಟು ಮೆಟ್ಟಿಲು ಹತ್ತುವ ಇಂದಿನ ಚರ್ಚು, ಮಠ, ಟ್ರಸ್ಟುಗಳ ಕಾಲದಲ್ಲಿ ಯಾವುದು ಹೆಚ್ಚು ಬೇಕಾದ ಕಥೆ?

1687ರಲ್ಲಿ ವಾಜ್ ಸಿಲೋನಿಗೆ ದಾಟಿದರು. ಅಲ್ಲಿ ಡಚ್ಚರ ಆಡಳಿತ. ಕಥೋಲಿಕ ಪಾದ್ರಿಗಳಿಗೆ ಪ್ರವೇಶವಿಲ್ಲ. ಹರಕು ಬಟ್ಟೆ ಉಟ್ಟು, ಭಿಕ್ಷೆ ಬೇಡಿ, ರಾತ್ರಿ ಗುಟ್ಟಾಗಿ ಪೂಜೆ ಮಾಡುತ್ತ ತಮಿಳು ಸಿಂಹಳ ಎರಡನ್ನೂ ಕಲಿತರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಹಿಡಿದು ಸೆರೆಯಲ್ಲಿಟ್ಟರು. ಬರ ಬಂದಾಗ ಅವರ ಪ್ರಾರ್ಥನೆಗೆ ಮಳೆ ಸುರಿಯಿತು ಎಂಬುದು ಅಲ್ಲಿನ ಪ್ರಸಿದ್ಧ ಪವಾಡ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಮುಂದಿನ ಪುಟ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ಓಡಲಿಲ್ಲ. ಬಿಟ್ಟುಹೋದವರಿಗೆ ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತರೋ ಬೌದ್ಧರೋ ಎಂದು ನೋಡಲಿಲ್ಲ. 2020–21ರಲ್ಲಿ ಸ್ವಂತ ತಂದೆಯ ಶವ ಮುಟ್ಟಲೂ ಹೆದರಿದವರನ್ನು ಕಂಡ ನಮ್ಮ ತಲೆಮಾರಿಗೆ ಈ ಪುಟದ ತೂಕ ಗೊತ್ತು. ವಾಜ್ ತೀರಿಕೊಂಡದ್ದು 1711ರಲ್ಲಿ, ಕ್ಯಾಂಡಿಯಲ್ಲೇ.

ಇನ್ನೊಂದು ಸಂಗತಿ. ಸಂತಪದವಿಗೆ ಸಾಮಾನ್ಯವಾಗಿ ಎರಡು ಪವಾಡ ಸಾಬೀತಾಗಬೇಕೆಂಬುದು ರೋಮಿನ ನಿಯಮ. 1995ರಲ್ಲಿ ಧನ್ಯರೆಂದು ಘೋಷಿತರಾದ ವಾಜ್ ಅವರಿಗೆ ಎರಡನೆಯ ಪವಾಡ ಬಾಕಿ ಇತ್ತು. ಪೋಪ್ ಫ್ರಾನ್ಸಿಸ್ ಅದಕ್ಕಾಗಿ ಕಾಯದೆ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಪವಾಡ ಕಡಿಮೆ ಬಿದ್ದಲ್ಲಿ ಬದುಕೇ ಸಾಕೆಂದು ಸ್ವತಃ ಪೋಪರೇ ಒಪ್ಪಿದಂತಾಯಿತು. ನಮ್ಮ ಉಪದೇಶಗಳಲ್ಲಿ ಈ ಮಾತು ಏಕೋ ಕೇಳಿಬರುವುದಿಲ್ಲ.

ಮುದ್ದೇಬಿಹಾಳದ ಬಸ್ಸಿನಲ್ಲಿ ಚಾಲಕನ ತಲೆಯ ಮೇಲೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಚಿತ್ರ. ಈ ಜಿಲ್ಲೆಯಲ್ಲಿ ಆ ಬಿಳಿ ಅಂಗಿ ಕಾಣದ ಅಂಗಡಿ, ಮನೆ ಕಡಿಮೆ. ಆ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ನಯವಾಗಿ ಹಿಂದಿರುಗಿಸಿದರು. 2023ರ ಜನವರಿ 2ರಂದು ತೀರಿಕೊಂಡಾಗ ಮೊದಲೇ ಬರೆದಿಟ್ಟ ಪತ್ರ ಹೊರಬಂತು: ದೇಹವನ್ನು ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ. ಲಕ್ಷಗಟ್ಟಲೆ ಜನ ಸೇರಿದರು, ಅವರ ಮಾತು ನಡೆಯಿತು. ಗದ್ದುಗೆಗಳ ನಾಡಿನಲ್ಲಿ ಒಬ್ಬ ಸ್ವಾಮಿ ಗದ್ದುಗೆ ಬೇಡವೆಂದದ್ದು ಸಣ್ಣ ಮಾತಲ್ಲ.

"ನಿಮ್ಮ ಗೋವಾದಾಗ ಅದಾನಲ್ಲ, ನಾನೂರೈವತ್ತು ವರ್ಷದಿಂದ ಪೆಟ್ಟಿಗ್ಯಾಗ ಮಲಗಿದಾಂವ?" ಎಂದು ಮಾಸ್ತರರು ಸರಿಯಾದ ಜಾಗಕ್ಕೆ ಕೈ ಹಾಕಿದರು.

ಫ್ರಾನ್ಸಿಸ್ ಜೇವಿಯರ್. ಗೋವೆಗೆ ಬಂದಿಳಿದದ್ದು 1542ರ ಮೇ 6ರಂದು, ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು ಚೀನಾದ ಬಾಗಿಲಲ್ಲಿ, ಒಂದು ದ್ವೀಪದಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಮುತ್ತಿನ ತೀರದ ಬೆಸ್ತರ ಹಟ್ಟಿಗಳು, ಮಲಕ್ಕಾ, ಮಸಾಲೆ ದ್ವೀಪಗಳು, ಜಪಾನ್. ದೇಹ ಕೊಳೆಯಲಿಲ್ಲವೆಂದು ಗೋವೆಗೆ ತಂದರು. ಭಕ್ತಿಯ ಭರದಲ್ಲಿ ಒಬ್ಬ ಹೆಂಗಸು ಕಾಲ್ಬೆರಳನ್ನೇ ಕಚ್ಚಿಕೊಂಡು ಹೋದಳೆಂದು ಐತಿಹ್ಯ. 1614ರಲ್ಲಿ ಬಲಗೈಯ ಭಾಗ ರೋಮಿಗೆ ಹೋಯಿತು. ಹತ್ತು ವರ್ಷಕ್ಕೊಮ್ಮೆ ದರ್ಶನ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಹತ್ತು ವರ್ಷ ಎಲ್ಲೂ ನಿಲ್ಲದ ಮನುಷ್ಯನನ್ನು ಸತ್ತ ಮೇಲೆ ಹೀಗೆ ಒಂದೇ ಕಡೆ ಕೂಡಿಹಾಕಿದ್ದು ವಿಚಿತ್ರ.

ಆದರೆ ಜೇವಿಯರ್ ವಿಷಯದಲ್ಲಿ ಪವಾಡ ಮರೆಸಿದ್ದು ಒಳ್ಳೆಯ ಪುಟವನ್ನಷ್ಟೇ ಅಲ್ಲ. 1546ರ ಮೇ ತಿಂಗಳಲ್ಲಿ ಪೋರ್ಚುಗಲ್ ದೊರೆಗೆ ಬರೆದ ಪತ್ರದಲ್ಲಿ ಇಲ್ಲಿಗೂ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಪೀಠ ಬೇಕೆಂದು ಕೇಳಿದವರು ಅವರೇ. ಅದು ಗೋವೆಯಲ್ಲಿ ಶುರುವಾದದ್ದು 1560ರಲ್ಲಿ, ಅವರು ಸತ್ತ ಮೇಲೆ. ಪೂರ್ತಿ ನಿಂತದ್ದು 1812ರಲ್ಲಿ. ಅದರ ಕಾಟ ತಾಳದೆ ಗೋವೆ ಬಿಟ್ಟು ಕೆನರಾ ಸೇರಿದ ಮನೆತನಗಳು ಎಷ್ಟೋ. ಇದನ್ನು ನಾನು ಕಥೋಲಿಕನಾಗಿಯೇ ಹೇಳುತ್ತಿದ್ದೇನೆ. ಬೆಸ್ತರ ಮಕ್ಕಳ ನಡುವೆ ಗಂಟೆ ಬಾರಿಸುತ್ತ ನಡೆದವರೂ ಅವರೇ, ಆ ಪತ್ರ ಬರೆದವರೂ ಅವರೇ. ಒಂದನ್ನು ಇಟ್ಟುಕೊಂಡು ಒಂದನ್ನು ಹರಿದುಹಾಕಿದರೆ ಉಳಿಯುವುದು ಗೊಂಬೆ. ಪರಿಶುದ್ಧನಾಗಿ ಬದುಕಿದವನೂ ತನ್ನ ಕಾಲದ ಕ್ರೌರ್ಯವನ್ನು ಧರ್ಮವೆಂದೇ ನಂಬಬಹುದು. ಹಾಗಾದರೆ ನಾವು ಇಂದು ಧರ್ಮದ ಹೆಸರಿನಲ್ಲಿ ಏನೇನನ್ನು ಸರಿ ಎಂದುಕೊಂಡಿದ್ದೇವೆ? ಈ ಪ್ರಶ್ನೆಯನ್ನು ಕೇಳಿಸುವ ಸಂತ ನನಗೆ ಪೆಟ್ಟಿಗೆಯಲ್ಲಿರುವ ಸಂತನಿಗಿಂತ ಹೆಚ್ಚು ಬೇಕು.

ಗೋವೆಯ ಕಥೆ ವಿಜಯಪುರದವರಿಗೆ ಹೊರಗಿನದೂ ಅಲ್ಲ. ಪೋರ್ಚುಗೀಸರ ಸೇನಾಪತಿ ಅಲ್ಬುಕರ್ಕ್ ಅದನ್ನು ಕಿತ್ತುಕೊಂಡದ್ದು ಆದಿಲ್ ಶಾಹಿಗಳಿಂದ, 1510ರ ನವೆಂಬರ್ 25ರಂದು. ಅಂದು ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹಬ್ಬ. ಗೆದ್ದ ಕೃತಜ್ಞತೆಗೆ ಆಕೆಯ ಹೆಸರಿನಲ್ಲಿ ಗುಡಿ ಕಟ್ಟಿಸಿದರು. ಚಕ್ರವರ್ತಿಯ ಎದುರು ವಾದ ಮಾಡಿ ಪ್ರಾಣ ಕೊಟ್ಟಳೆಂದು ಕಥೆಯಿರುವ ಹೆಣ್ಣುಮಗಳು ಗೆದ್ದ ಸೇನೆಯ ದೇವತೆಯಾದಳು. ಚರಿತ್ರೆಯ ಆಧಾರ ಸಾಲದೆಂದು 1969ರಲ್ಲಿ ಆಕೆಯ ಹಬ್ಬವನ್ನು ರೋಮ್ ಪಂಚಾಂಗದಿಂದ ತೆಗೆದು 2002ರಲ್ಲಿ ಮತ್ತೆ ಸೇರಿಸಿದ್ದೂ ಆಗಿದೆ. ಮೈಸೂರಿನ ಭವ್ಯ ಚರ್ಚಿನ ಫಿಲೋಮಿನಾಳ ಹೆಸರಂತೂ 1961ರಲ್ಲಿ ಪಂಚಾಂಗದಿಂದ ಹೋದದ್ದು ಮತ್ತೆ ಬಂದಿಲ್ಲ. ಅಲ್ಲಿ ದೀಪ ಹಚ್ಚುವವರು ಕಡಿಮೆಯಾಗಿಲ್ಲ.

ಈ ನೆಲಕ್ಕೆ ಬೇರೊಂದು ದಾರಿಯಿಂದ ಬಂದವರೂ ಇದ್ದಾರೆ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ವಿರಕ್ತ ಮಠವೆಂದೇ ಕರೆಸಿಕೊಳ್ಳುವ ಒಂದು ಕ್ರೈಸ್ತ ನೆಲೆ ಇದೆ. ಗೋವೆಯ ಜೆಸ್ವಿಟ್ ಅರ್ಮಾಂಡೊ ಆಲ್ವಾರಿಸ್ ಕಾವಿ ತೊಟ್ಟು, ಸ್ವಾಮಿ ಅನಿಮಾನಂದರಾಗಿ, ಲಿಂಗವಂತ ಸೀಮೆಯ ನಡುವೆ ಮಠದ ರೀತಿಯಲ್ಲಿ ಬದುಕಿದರು. ರೋಮ್ ಅವರನ್ನು ಸಂತರೆಂದು ಕರೆದಿಲ್ಲ, ಕರೆಯುವ ಲಕ್ಷಣವೂ ಕಾಣುವುದಿಲ್ಲ. ವೇಷ ಬದಲಿಸುವುದು ಮತಾಂತರದ ಉಪಾಯವಲ್ಲವೇ ಎಂದು ಅನುಮಾನಿಸುವವರು ಅತ್ತ ಇದ್ದಾರೆ, ಕಾವಿ ಉಟ್ಟವನು ಪಾದ್ರಿಯೇ ಎಂದು ಮೂಗು ಮುರಿಯುವವರು ಇತ್ತ ಇದ್ದಾರೆ. ಎರಡೂ ಕಡೆಯವರ ಅನುಮಾನದ ನಡುವೆ ಊರವರ ಜೊತೆ ಉಂಡು ಬಾಳುವುದು ಸಣ್ಣ ತಪಸ್ಸಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಮುದ್ದೇಬಿಹಾಳ ದಾಟಿ ತಂಗಡಗಿಗೆ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮತ್ತೆ ಕೃಷ್ಣೆ. 1565ರ ಜನವರಿ 23ರಂದು ವಿಜಯನಗರವನ್ನು ನೆಲಕ್ಕುರುಳಿಸಿದ ಯುದ್ಧವನ್ನು ನಾವು ತಾಳಿಕೋಟೆ ಎನ್ನುತ್ತೇವೆ, ರಕ್ಕಸ-ತಂಗಡಗಿ ಎಂದೂ ಅನ್ನುತ್ತೇವೆ. ಆ ಎರಡನೆಯ ಹೆಸರಿನ ತಂಗಡಗಿ ಇದೇ. ಊರಿನವರಿಗೆ ಮುಖ್ಯ ಯುದ್ಧವಲ್ಲ, ಹೊಳೆಯ ದಂಡೆಯ ನೀಲಮ್ಮನ ಐಕ್ಯಸ್ಥಳ. ಕಲ್ಯಾಣದ ಕ್ರಾಂತಿಯ ನಂತರ ಕೂಡಲಸಂಗಮಕ್ಕೆ ಬರಹೇಳಿ ಬಸವಣ್ಣನವರು ಪತ್ನಿಗೆ ಹೇಳಿಕಳಿಸಿದರು. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಆಕೆ ಕೇಳಿದಳು. ಕೊನೆಗೆ ಹೊರಟರೂ ಇಲ್ಲಿಯವರೆಗೆ ಬಂದು ಇಲ್ಲಿಯೇ ಐಕ್ಯಳಾದಳು ಎಂದು ಪರಂಪರೆ. ಕೂಡಲಸಂಗಮ ದೂರವೇನಲ್ಲ. ಹೋಗಬಹುದಿತ್ತು. ಹೋಗಲಿಲ್ಲ.

ಗಂಡ ಕರೆದರೂ, ಕ್ಷೇತ್ರ ಕರೆದರೂ, ತಾನು ನಿಂತ ನೆಲವೇ ಸಾಕೆಂದ ಈ ಹೆಣ್ಣಿನ ಮುಂದೆ ಕೂತಾಗ ನನಗೆ ನೆನಪಾದವಳು ಫ್ರಾನ್ಸಿನ ಲಿಸಿಯೂ ಊರಿನ ತೆರೇಸಾ, ನಮ್ಮ ಚರ್ಚುಗಳಲ್ಲಿ ಗುಲಾಬಿ ಹಿಡಿದು ನಿಂತ ಬಾಲಯೇಸುವಿನ ತೆರೇಸಮ್ಮ. ಹದಿನೈದರ ವಯಸ್ಸಿಗೆ ಮಠ ಸೇರಿದಳು, ಇಪ್ಪತ್ತನಾಲ್ಕಕ್ಕೆ ಕ್ಷಯದಿಂದ ತೀರಿಕೊಂಡಳು, 1897ರಲ್ಲಿ. ಮಠದ ಗೋಡೆ ದಾಟಲಿಲ್ಲ. ಬಟ್ಟೆ ಒಗೆಯುವಾಗ ಮುಖಕ್ಕೆ ಕೊಳೆನೀರು ಎರಚುವ ಸೋದರಿಯ ಮೇಲೆ ಸಿಡುಕದಿರುವುದು, ಗೊಣಗುವ ಮುದುಕಿಯ ಕೈಹಿಡಿದು ಊಟದ ಮನೆಗೆ ಕರೆದೊಯ್ಯುವುದು: ಅವಳು ಬರೆದಿಟ್ಟ ಸಾಧನೆಗಳು ಇಷ್ಟಿಷ್ಟೇ. 1927ರಲ್ಲಿ ರೋಮ್ ಈಕೆಯನ್ನು ಜೇವಿಯರ್ ಜೊತೆಗೆ ಧರ್ಮಪ್ರಚಾರ ಕಾರ್ಯದ ಪಾಲಕ ಸಂತಳೆಂದು ಸಾರಿತು. ಅರ್ಧ ಭೂಮಿ ಸುತ್ತಿದವನ ಪಕ್ಕದಲ್ಲಿ ಮಠ ಬಿಟ್ಟು ಎಲ್ಲಿಗೂ ಹೋಗದವಳು! ರೋಮಿನ ನಿರ್ಧಾರಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಇದು. ಟೂರ್ ಪ್ಯಾಕೇಜಿನಲ್ಲಿ ಯಾತ್ರೆ ಮಾಡಿ, ಪ್ರತಿ ಗೋಪುರದ ಮುಂದೆ ಫೋಟೊ ತೆಗೆದು ಹಂಚುವ ಕಾಲದಲ್ಲಿ ತಂಗಡಗಿಯ ನೀಲಮ್ಮನೂ ಲಿಸಿಯೂದ ತೆರೇಸಾಳೂ ಮನೆಯ ಅಡಿಗೆಕೋಣೆಯನ್ನೇ ಕ್ಷೇತ್ರ ಮಾಡಿಕೊಂಡ ಲಕ್ಷಾಂತರ ಹೆಂಗಸರ ಪರವಾಗಿ ನಿಲ್ಲುತ್ತಾರೆ. ಹೀಗೆ ಬರೆಯುತ್ತಿರುವ ನಾನೂ ಪ್ರವಾಸದಲ್ಲೇ ಇದ್ದೆನಲ್ಲ, ಅದೊಂದು ತಮಾಷೆ.

ಮಾಸ್ತರರು ಅಲ್ಲಿಂದ ಹಿಂದಿರುಗಿದರು. ಸೇತುವೆ ದಾಟಿ, ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ಲಿಗೆ ಬಂದೆ. ಸೀರೆಯ ಊರಿನಲ್ಲಿ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಳುಕಡ್ಡಿಯ ಬದಲು ಜನರ ಕುಡಿತ, ತಂಬಾಕು ಬೇಡಿ ತಂದರು. ಅತ್ತ ಡಬ್ಲಿನ್ನಿನಲ್ಲಿ ಮ್ಯಾಟ್ ಟಾಲ್ಬೊಟ್ ಎಂಬ ಕೂಲಿ, ಹನ್ನೆರಡರ ವಯಸ್ಸಿಗೇ ಕುಡಿತಕ್ಕೆ ಬಿದ್ದವನು, ಇಪ್ಪತ್ತೆಂಟಕ್ಕೆ ಬಿಟ್ಟು ನಲವತ್ತು ವರ್ಷ ಮತ್ತೆ ಮುಟ್ಟದೆ 1925ರಲ್ಲಿ ಬೀದಿಯಲ್ಲಿ ಕುಸಿದು ಸತ್ತ. ಆತ ಇನ್ನೂ ಸಂತನಲ್ಲ, ಪೂಜ್ಯರ ಮೆಟ್ಟಿಲಲ್ಲೇ ನಿಂತಿದ್ದಾನೆ. ಕುಡಿತ ಬಿಡುವುದು ಪವಾಡದ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಮನೆಯಲ್ಲಿ ಕುಡುಕನಿದ್ದವರನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು.

ಮುದಗಲ್ಲಿನಲ್ಲಿ ಮೊದಲು ಕಾಣುವುದು ಕೋಟೆ. ಬಹಮನಿಗಳೂ ವಿಜಯನಗರದವರೂ ಆದಿಲ್ ಶಾಹಿಗಳೂ ಎರಡು ಹೊಳೆಗಳ ನಡುವಿನ ಈ ದೋಆಬಿಗಾಗಿ ಬಡಿದಾಡಿದ ಕಲ್ಲುಗಳು. ಇಲ್ಲಿನ ಮೊಹರಂ ನೋಡಲು ಸುತ್ತಲಿನ ಹಳ್ಳಿಗಳ ಹಿಂದೂಗಳೂ ನೆರೆಯುತ್ತಾರೆ. ಇವುಗಳ ನಡುವೆ ಹಳೆಯ ಕಥೋಲಿಕ ಚರ್ಚು; ಜೆಸ್ವಿಟರು 1557ಕ್ಕೂ ಮುಂಚೆ ಕಟ್ಟಿದ್ದೆಂದು ಹೇಳುತ್ತಾರೆ. ಅದು ನಿಜವಾದರೆ ರಕ್ಕಸ-ತಂಗಡಗಿಯ ತೋಪು ಸಿಡಿದಾಗ ಇಲ್ಲಿ ಆಗಲೇ ಗಂಟೆ ಬಾರಿಸುತ್ತಿತ್ತು. ರಾಜ್ಯಗಳು ಹೋದವು, ಒಂದು ಸಣ್ಣ ಸಮುದಾಯ ಎರೆಮಣ್ಣಿನಲ್ಲಿ ಜೋಳ ಬಿತ್ತಿಕೊಂಡು, ಕನ್ನಡದಲ್ಲಿ ಪ್ರಾರ್ಥಿಸಿಕೊಂಡು ಉಳಿದುಬಂತು. ಇವರಲ್ಲಿ ಯಾರ ಹೆಸರೂ ರೋಮಿನ ಪಟ್ಟಿಯಲ್ಲಿಲ್ಲ.

ಸಂಜೆಯ ಹೊತ್ತಿಗೆ ಒಳಗೆ ಕೂತಿದ್ದ ಒಬ್ಬ ಅಜ್ಜಿಯನ್ನು ಮಾತಾಡಿಸಿದೆ. "ಏನ್ ಬೇಡ್ಕೊಂಡ್ರಿ ಆಯೀ?"

"ಬೇಡೂದೆಲ್ಲಾ ಬೇಡಿ ಮುಗದೈತಪ್ಪಾ. ಗಂಡ ಉಳೀಲಿ ಅಂತ ಬೇಡಿದೆ, ಉಳೀಲಿಲ್ಲ. ಈಗ ಸುಮ್ಮ ಬಂದು ಕುಂದರತೀನಿ. ಅವನೂ ಸುಮ್ಮ ಇರ್ತಾನ, ನಾನೂ ಸುಮ್ಮ ಇರ್ತೀನಿ."

ಕಲ್ಕತ್ತೆಯ ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಯಾವ ಸಾಂತ್ವನವೂ ಸಿಕ್ಕಿರಲಿಲ್ಲ, ದೇವರು ಇದ್ದಾನೆಂಬ ಅನುಭವವೇ ಬತ್ತಿಹೋಗಿತ್ತು ಎಂದು ಜಗತ್ತಿಗೆ ಗೊತ್ತಾಯಿತು. ಟೀಕಾಕಾರರು ಇದನ್ನು ಬೂಟಾಟಿಕೆ ಎಂದರು, ಭಕ್ತರಲ್ಲಿ ಕೆಲವರು ಪತ್ರ ಮುದ್ರಿಸಿದ್ದೇ ತಪ್ಪೆಂದರು. ನನಗನಿಸುವಂತೆ ಆಕೆ ನಮ್ಮ ಕಾಲದ ಸಂತಳಾಗಿರುವುದು ಆ ಪತ್ರಗಳಿಂದಲೇ. ಏನೂ ಕೇಳಿಸದಿದ್ದರೂ ಮರುದಿನ ಬೆಳಿಗ್ಗೆ ಎದ್ದು ಸಾಯುತ್ತಿರುವವನ ಮೈ ಒರೆಸಲು ಹೋದರು. 2016ರ ಸೆಪ್ಟೆಂಬರ್ 4ರಂದು ಸಂತಪದವಿ ಕೊಡುವಾಗ ಗುಣವಾದ ಗಡ್ಡೆಗಳ ಪವಾಡಗಳು ಲೆಕ್ಕಕ್ಕೆ ಬಂದವು, ಐವತ್ತು ವರ್ಷದ ಕತ್ತಲಲ್ಲ. ಮುದಗಲ್ಲಿನ ಅಜ್ಜಿಗೆ ಗಡ್ಡೆಯ ಕಥೆ ಹೇಳಿದರೆ ಪ್ರಯೋಜನವಿಲ್ಲ. ಕತ್ತಲಿನ ಕಥೆ ಹೇಳಿದರೆ ಆಕೆ ಕೇಳಿಯಾಳು.

ಕನ್ನಡದಲ್ಲಿ ಸಂತರ ಚರಿತ್ರೆಯ ಪುಸ್ತಿಕೆಗಳು ಇಂದಿಗೂ ಅಚ್ಚಾಗುತ್ತಿವೆ, ಹಬ್ಬದ ದಿನ ಚರ್ಚಿನ ಬಾಗಿಲಲ್ಲಿ ಮಾರಾಟವಾಗುತ್ತವೆ. ಬರೆಯುವವರಲ್ಲಿ, ಅಚ್ಚು ಹಾಕಿಸುವ ಗುರುಗಳಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಮುದ್ರಣದಲ್ಲಿ ಪವಾಡದ ಪುಟಗಳು ಇದ್ದರೆ ಇರಲಿ. ಅವುಗಳ ಪಕ್ಕದಲ್ಲಿ ಜೋಸೆಫ್ ವಾಜ್ ಮಾಡಿಸಿದ ಸಂಧಾನಕ್ಕೆ, ಕ್ಯಾಂಡಿಯ ಸಿಡುಬಿಗೆ, ಇಸಿದೋರನ ಕೂಲಿಗೆ, ಮದರ್ ತೆರೇಸಾರ ಪತ್ರಗಳಿಗೆ ಜಾಗ ಕೊಡಿ. ಜೇವಿಯರ್ 1546ರಲ್ಲಿ ಬರೆದ ಪತ್ರವನ್ನೂ ಬಿಡಬೇಡಿ. ಓದುವವರು ತಾಳಿಕೊಳ್ಳುತ್ತಾರೆ.